ದಾರ ಬೇಡ, ಗಂಟು ಬೇಡ

ಕಲಮಾಉಲ, ಮೊಲೊಕಾಯ್ ದ್ವೀಪ
12 ಜನವರಿ 1985, ಶನಿವಾರ

ಅಮ್ಮಾ,

ಈ ಪತ್ರವನ್ನು ನಿನಗೆ ಕಳಿಸುವುದಿಲ್ಲ. ಬರೆದು, ಮಡಿಸಿ, ಅಕ್ಕಿ ಡಬ್ಬದ ಹಿಂದೆ ತುರುಕಿಡುತ್ತೇನೆ. ಯಾರಿಗೂ ಹೇಳದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ, ಹೇಳಿದರೆ ಏನಾಗುತ್ತದೋ ಎಂಬ ಭಯ. ಅದಕ್ಕೇ ಕಾಗದಕ್ಕೆ ಹೇಳುತ್ತಿದ್ದೇನೆ.

ನಾನು ಮತ್ತೆ ಬಸುರಿ. ಎರಡು ತಿಂಗಳಾಯಿತು. ಏಮೊಸ್ ಒಬ್ಬನಿಗೆ ಗೊತ್ತು. ಗಂಡನಿಂದ ಮುಚ್ಚಿಡುವುದು ಹೇಗೆ.

ಮೊದಲನೆಯದು ಮೂರನೇ ತಿಂಗಳಿಗೇ ಹೋಯಿತು. ಎರಡನೆಯದನ್ನು ನೀನು ಇಡೀ ಚರ್ಚಿಗೆ ಸಾರಿಕೊಂಡು ಬಂದೆ. ಊರವರೆಲ್ಲ ಮಗುವಿನ ಬಟ್ಟೆ ಹೊಲಿದು ತಂದರು. ಏಳನೇ ತಿಂಗಳಲ್ಲಿ, ಮೇ ಒಂದರ ಹಾರದ ಹಬ್ಬ ಮುಗಿದ ವಾರ, ಹೊನೊಲುಲುವಿನ ಆಸ್ಪತ್ರೆಯಲ್ಲಿ ಮಗು ಉಸಿರಿಲ್ಲದೆ ಬಂತು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು. ಆ ಬಟ್ಟೆಗಳನ್ನು ಮನೆ ಮನೆಗೆ ಹಿಂದಿರುಗಿಸಿದವಳು ನಾನು. ಆಸ್ಪತ್ರೆಯ ಓಣಿಯಲ್ಲಿ ನರ್ಸಿನ ಎದುರಿಗೇ ನೀನು ಹೇಳಿದ ಮಾತು ಇದು: "ಬಸುರಿ ಹಾರ ಪೋಣಿಸಬಾರ್ದು ಅಂತ ಬಾಯಿ ಬಡ್ಕೊಂಡೆ. ಕೇಳಿದ್ಯಾ? ಮಕ್ಕಳ ಹಬ್ಬ ಅಂತ ನೂರು ಹಾರ ಪೋಣಿಸಿ ಗಂಟು ಹಾಕ್ದೆ. ಆ ದಾರ ಎಲ್ಲಿ ಹೋಗಿ ಸುತ್ಕೊಂತು ನೋಡೀಗ."

ಆರು ವಾರಕ್ಕೆ ನೀನು ತಮ್ಮ ವಿಲ್ಫ್ರೆಡನ ಹೆಂಡತಿಗೆ ಹುಷಾರಿಲ್ಲ ಎಂದು ಲಾಸ್ ವೇಗಸ್‌ಗೆ ಹೋದೆ. ಆಮೇಲೆ ನಾವಿಬ್ಬರೂ ಹವೆ, ಮೀನು, ಸಾವು ಸುದ್ದಿ ಬಿಟ್ಟು ಬೇರೇನೂ ಬರೆದುಕೊಂಡಿಲ್ಲ.

ಡಾಕ್ಟರು ಹೇಳಿದ್ದರು, ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಹೀಗೆ ಸುತ್ತಿರುತ್ತದೆ, ಹಾರಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು. ನಾನೂ ಅದನ್ನೇ ನಂಬುತ್ತೇನೆ. ಆದರೆ ಇವತ್ತು ಬೆಳಿಗ್ಗೆ ಮಕ್ಕಳ ಕೈಕೆಲಸದ ತರಗತಿಯಲ್ಲಿ ದೇವಕಣಗಿಲೆಯ ಬುಟ್ಟಿ ಮುಂದಿಟ್ಟುಕೊಂಡು ಉದ್ದನೆಯ ಸೂಜಿ ಎತ್ತಿಕೊಂಡೆ. ಕೈ ಅಲ್ಲೇ ನಿಂತಿತು. ಇಪ್ಪತ್ತೆರಡು ಮಕ್ಕಳು ನನ್ನನ್ನೇ ನೋಡುತ್ತಿದ್ದರು. "ಇವತ್ತು ಬೇಡ, ಕಥೆ ಹೇಳ್ತೀನಿ" ಎಂದು ಬುಟ್ಟಿ ಮುಚ್ಚಿಬಿಟ್ಟೆ.

ನೀನು ಶುರು ಮಾಡಿದ ಈ ತರಗತಿಯಲ್ಲಿ ಇಪ್ಪತ್ತು ವರ್ಷದಿಂದ ಹಾರವೇ ದೊಡ್ಡ ಕೆಲಸ. ಅದನ್ನು ನಿಲ್ಲಿಸಿದರೆ ಕಾರಣ ಕೇಳುತ್ತಾರೆ. ಆಗಸ್ಟ್‌ವರೆಗೆ ಮಕ್ಕಳಿಗೆ ಬೇರೆ ಕೆಲಸ ಕೊಡಬೇಕು. ಏನು ಕೊಡಬೇಕೆಂದು ಗೊತ್ತಿರುವವಳು ನೀನೊಬ್ಬಳೇ. ಬೇರೆ ಪತ್ರ ಬರೆಯುತ್ತೇನೆ, ಬೇಕಾದಷ್ಟನ್ನೇ ಕೇಳುತ್ತೇನೆ.

ನೊಹೆಯಾ

*

ಕಲಮಾಉಲ
14 ಜನವರಿ 1985

ಅಮ್ಮಾ,

ನಾವು ಚೆನ್ನಾಗಿದ್ದೇವೆ. ಗಾಳಿ ಜೋರು, ದೋಣಿಗಳು ಮೂರು ದಿನದಿಂದ ದಡ ಬಿಟ್ಟಿಲ್ಲ. ಏಮೊಸ್ ಬಂದರಿನಲ್ಲಿ ಕೆಲಸವಿಲ್ಲದೆ ಮನೆಯಲ್ಲಿ ಕೂತು ನನ್ನ ಪಾತ್ರೆಗಳನ್ನು ಎಣಿಸುತ್ತಿದ್ದಾನೆ.

ಒಂದು ಸಹಾಯ ಬೇಕು. ಶನಿವಾರದ ಮಕ್ಕಳಿಗೆ ಹೊಸ ಕೈಕೆಲಸ ಕಲಿಸಬೇಕೆಂದಿದ್ದೇನೆ. ದಾರ ಬೇಡ, ಗಂಟು ಬೇಡ, ಕೊರಳಿಗೆ ಹಾಕುವಂಥದ್ದು ಬೇಡ. ಆದರೆ ನಮ್ಮ ದ್ವೀಪದ್ದೇ ಆಗಿರಬೇಕು. ನಿನಗೆ ನೆನಪಿರುವುದನ್ನು ಬರೆದು ಕಳಿಸು. ವಿಶೇಷ ಕಾರಣವೇನಿಲ್ಲ, ಮಕ್ಕಳಿಗೆ ಹಾರ ಸಾಕಾಗಿದೆ.

ನೊಹೆಯಾ

*

ಲಾಸ್ ವೇಗಸ್
27 ಜನವರಿ 1985

ಮಗಳೇ ನೊಹೆಯಾ,

ಅಕ್ಷರ ಕುಂಬಳಕಾಯಿಯಷ್ಟಾಗಿದೆ ಎಂದು ನಗಬೇಡ. ಈ ಊರಿನ ಪೆನ್ನುಗಳ ಶಾಯಿಗೆ ಧೈರ್ಯವಿಲ್ಲ. ಹೋಟೆಲಿನ ಅಡುಗೆಮನೆಯಲ್ಲಿ ಪೆಟ್ಟಿಗೆಗಳ ಮೇಲೆ ಗುರುತು ಹಾಕುವ ದಪ್ಪ ಪೆನ್ನನ್ನು ವಿಲ್ಫ್ರೆಡ್ ತಂದುಕೊಟ್ಟಿದ್ದಾನೆ. ಇದರಲ್ಲಿ ಬರೆದರೆ ನನಗೂ ಕಾಣುತ್ತದೆ, ಪಕ್ಕದ ಮನೆಯವರಿಗೂ ಕಾಣುತ್ತದೆ. ಮೊನ್ನೆ ಸೊಸೆಯ ಕಾಫಿಗೆ ಸಕ್ಕರೆ ಎಂದು ಉಪ್ಪು ಹಾಕಿಕೊಟ್ಟೆ. ಎರಡು ಡಬ್ಬಗಳನ್ನು ಒಂದೇ ಥರ ಇಟ್ಟುಕೊಂಡವಳದ್ದು ತಪ್ಪು. ನನ್ನ ಕಣ್ಣಿಗೆ ಏನೂ ಆಗಿಲ್ಲ, ವಿಲ್ಫ್ರೆಡ್ ಏನಾದರೂ ಬರೆದರೆ ನಂಬಬೇಡ.

ನೀನು ಕೇಳಿದ್ದು ಹೇಗಿದೆ ಎಂದರೆ, ಅಕ್ಕಿ ಬೇಡ, ನೀರು ಬೇಡ, ಅನ್ನ ಮಾಡುವುದು ಹೇಗೆ ಎಂದು ಕೇಳಿದ ಹಾಗಿದೆ. ನಾವು ಜಗತ್ತಿಗೆ ಕೊಟ್ಟದ್ದೇ ದಾರ ಮತ್ತು ಗಂಟು. ಮಕ್ಕಳಿಗೆ ಹಾರ ಸಾಕಾಗಿದೆ ಎಂದರೆ ನಾನು ನಂಬುವುದಿಲ್ಲ. ಮಕ್ಕಳಿಗೆ ಸಾಕಾಗುವುದು ಪ್ರಾರ್ಥನೆ ಮಾತ್ರ. ಹೊಸ ಪಾದ್ರಿಗಳು ಹೂವಿಗೆ ಅಡ್ಡ ಬಂದರೆ ಹೇಳು. ಆ ಕೆಯಾವೆ ಮನೆತನದವರಿಗೆ ಹೂ ಕಂಡರೆ ಸೀನು ಬರುವುದು ಅವರ ಅಜ್ಜನ ಕಾಲದಿಂದಲೂ ಇದೆ.

ಇರಲಿ, ಕೇಳಿದ್ದೀಯ, ಹೇಳುತ್ತೇನೆ.

ಬಿದಿರನ್ನು ಗೇಣುದ್ದ ಸೀಳಿಸು. ತುದಿಯ ಒಳಮೈಯಲ್ಲಿ ಸಾಲಾಗಿ ತ್ರಿಕೋನ ಕೆತ್ತು, ಹಲ್ಲಿನ ಸಾಲಿನ ಹಾಗೆ. ಕೆತ್ತುವುದು ದೊಡ್ಡವರು, ಅಚ್ಚೊತ್ತುವುದು ಮಕ್ಕಳು. ಅರಿಶಿನದ ಕೊಂಬು ಅರೆದು ಹಳದಿ, ಹೊಓಲೆಹುವಾ ಬಯಲಿನ ಕೆಮ್ಮಣ್ಣು ಕಲಸಿ ಕೆಂಪು, ದೀಪದ ಮಸಿ ಕಪ್ಪು. ಒತ್ತುವುದಕ್ಕೆ ಮರದ ತೊಗಟೆಯ ಬಟ್ಟೆ ಈಗ ಎಲ್ಲಿಂದ ತರುತ್ತೀ. ಅಂಗಡಿಯ ಕಂದು ಕಾಗದದ ಚೀಲ ಒದ್ದೆ ಮಾಡಿ, ಮುದುರಿ, ಬಿಡಿಸಿ ಒಣಗಿಸು. ಏಳು ವರ್ಷದವರ ಕಣ್ಣಿಗೆ ಅದೇ ತೊಗಟೆ ಬಟ್ಟೆ.

ಎರಡನೆಯದು ಕಾಗದದ ಕೌದಿ. ಹಾಳೆಯನ್ನು ಎಂಟು ಪದರ ಮಡಿಸಿ ಎಲೆಯ ಆಕಾರ ಕತ್ತರಿಸಿ ಬಿಡಿಸಿದರೆ ಹೂ ಅರಳಿದ ಹಾಗೆ ಅರಳುತ್ತದೆ. ಮೊದಲ ಸಲ ಕತ್ತರಿ ಹಿಡಿದವರು ಜೀಗುಜ್ಜೆ ಎಲೆಯನ್ನೇ ಕತ್ತರಿಸಬೇಕು, ಆಗ ಮನೆಗೆ ಹಸಿವು ಬರುವುದಿಲ್ಲ. ಮೂರನೆಯದು ತೆಂಗಿನ ಗರಿಯ ಮೀನು, ಗಂಟಿಲ್ಲದೆಯೇ ನಿಲ್ಲುತ್ತದೆ. ನಾಲ್ಕನೆಯದು ನೆನಪಾದಾಗ ಬರೆಯುತ್ತೇನೆ.

ಈಗ ನೀನು ನಿಜ ಹೇಳು. ದಾರ ಯಾಕೆ ಬೇಡ? ಸೂಜಿ ಹಿಡಿಯಲು ಕಷ್ಟವಾಗುತ್ತಿದೆಯೇ? ಮೈ ಹೇಗಿದೆ? ಈ ಪ್ರಶ್ನೆ ಕೇಳುವ ಮುಖ ನನಗಿಲ್ಲ ಎಂದು ನಿನಗೆ ಅನ್ನಿಸಬಹುದು. ಆದರೂ ಕೇಳಿದ್ದೇನೆ.

ನಿನ್ನ ಅಮ್ಮ, ಕಪೆಕಾ

*

ಕಲಮಾಉಲ
11 ಫೆಬ್ರವರಿ 1985

ಅಮ್ಮಾ,

ಬಿದಿರಿನ ಅಚ್ಚು ಮಕ್ಕಳಿಗೆ ಹುಚ್ಚು ಹಿಡಿಸಿದೆ. ಚೀಲಗಳ ಮೇಲೆ ಒತ್ತಿದರು, ಆಮೇಲೆ ಮೇಜಿನ ಮೇಲೆ, ಕೊನೆಗೆ ಒಬ್ಬರ ಬೆನ್ನಿನ ಮೇಲೆ ಒಬ್ಬರು. ಪಿಲಿ ಎಂಬ ಹುಡುಗಿ ಇದ್ದಾಳೆ, ಮಿಲೆಕಾ ಅಜ್ಜಿಯ ಮೊಮ್ಮಗಳು, ಏಳು ವರ್ಷ. ಹಣೆ ತುಂಬ ಹಳದಿ ತ್ರಿಕೋನ ಒತ್ತಿಕೊಂಡು ಮನೆಗೆ ಹೋದಳು. ಅರಿಶಿನ ನಾಲ್ಕು ದಿನ ಹೋಗಲಿಲ್ಲವಂತೆ.

ಆದರೆ ಇಲ್ಲಿ ಏನೋ ನಡೆಯುತ್ತಿದೆ, ನನಗೆ ಅರ್ಥವಾಗುತ್ತಿಲ್ಲ. ಹೋದ ಶನಿವಾರ ಪಾದ್ರಿಗಳು ಬಂದು, "ನೊಹೆಯಾ, ಮುಂದಿನ ವಾರದಿಂದ ಕ್ಲಾಸು ಕೆಳಗಿನ ಜಗಲಿಯಲ್ಲೇ ಇರ್ಲಿ. ಮೆಟ್ಟಿಲು ಹಳೇದಾಗಿದೆ" ಎಂದರು. ಅಮ್ಮಾ, ಆ ಮೆಟ್ಟಿಲನ್ನು ಏಮೊಸನ ಮಾವ ಹೋದ ವರ್ಷ ತಾನೆ ಕಟ್ಟಿಕೊಟ್ಟದ್ದು. ಮಿಲೆಕಾ ಅಜ್ಜಿ ಯಾವತ್ತೂ ಬಂದವರಲ್ಲ. ಈಗ ಶನಿವಾರ ಬೆಳಗಾದರೆ ನನಗಿಂತ ಮೊದಲು ಬಂದು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ನಾನು ಬಣ್ಣದ ಡಬ್ಬದ ಪೆಟ್ಟಿಗೆ ಎತ್ತಲು ಹೋದರೆ ಕೋಲಿನಿಂದ ನನ್ನ ಕಾಲಿಗೆ ತಟ್ಟಿ, "ಬಿಡೇ ಅದನ್ನ. ಇಷ್ಟು ಹೆಣ್ಮಕ್ಕಳ ತಾಯಂದಿರು ಗೊಂಬೆ ಥರ ನಿಂತವ್ರೆ, ಅವ್ರು ಎತ್ಲಿ" ಎನ್ನುತ್ತಾರೆ. ತಾಯಂದಿರು ನನ್ನ ಕೈಯಿಂದ ಪೆಟ್ಟಿಗೆ ಕಿತ್ತುಕೊಳ್ಳುತ್ತಾರೆ. ನಾನು ಬಂದ ಕೂಡಲೇ ಮಕ್ಕಳ ಮಾತು ನಿಲ್ಲುತ್ತದೆ. ಪಿಲಿ ಒಂದು ಸಲ ಏನೋ ಹೇಳಲು ಬಾಯಿ ತೆರೆದು ತನ್ನ ಕೈಯಿಂದಲೇ ಮುಚ್ಚಿಕೊಂಡಳು.

ಮಿಲೆಕಾ ಅಜ್ಜಿಯ ಸೊಸೆಗೆ ಈ ತರಗತಿಯ ಮೇಲೆ ಮೊದಲಿಂದಲೂ ಕಣ್ಣಿತ್ತು. ಹಾರ ಕಲಿಸದ ಮೇಷ್ಟ್ರು ಯಾಕೆ ಎಂದು ನನ್ನನ್ನು ತೆಗೆಯುವ ಯೋಚನೆ ಇರಬೇಕು. ಮೇ ಹಬ್ಬದ ಹಾರಗಳ ಬಗ್ಗೆ ಯಾರೂ ನನ್ನನ್ನು ಒಂದು ಮಾತೂ ಕೇಳುತ್ತಿಲ್ಲ, ಅದೇ ಗುರುತು.

ನನ್ನ ಕೈಗಳು ಚೆನ್ನಾಗಿವೆ. ಸೂಜಿಯಿಂದ ಸ್ವಲ್ಪ ದಿನ ದೂರ ಇರೋಣವೆಂದು, ಅಷ್ಟೇ. ಸೂಜಿ ಡಬ್ಬ ಕೆಳಗಿಡಲು ಬಗ್ಗಿದಾಗ ಒಂದು ದಿನ ಕಣ್ಣು ಕತ್ತಲಿಟ್ಟಿತು, ಗೋಡೆ ಹಿಡಿದು ಕೂತೆ. ಈಗ ಸರಿಯಾಗಿದೆ.

ನೊಹೆಯಾ

*

ಲಾಸ್ ವೇಗಸ್
24 ಫೆಬ್ರವರಿ 1985

ಮಗಳೇ,

ನಿನ್ನ ಪತ್ರ ಓದಿ ಎರಡು ದಿನ ಊಟ ಸೇರಲಿಲ್ಲ. ಸೂಜಿಯಿಂದ ದೂರ, ಕಣ್ಣು ಕತ್ತಲೆ. ನೀನು ಹೇಳದಿದ್ದರೂ ತಿಳಿಯಿತು. ನಾನು ಇದನ್ನು ಹಾದು ಬಂದವಳು.

ಅದರ ಹೆಸರನ್ನು ನಾನು ಬರೆಯುವುದಿಲ್ಲ. ಕೆಟ್ಟದ್ದನ್ನು ಹೆಸರು ಹಿಡಿದು ಕರೆದರೆ ಮಣೆ ಹಾಕಿ ಕೂರಿಸಿದ ಹಾಗೆ ಎಂದು ನನ್ನ ಅಮ್ಮ ಹೇಳುತ್ತಿದ್ದಳು. ಅವಳಿಗೂ ಇದು ಬಂದಿತ್ತು, ಈಗ ನನಗೂ. ನಮ್ಮ ಮನೆತನದ ಹೆಂಗಸರ ಹಣೆಬರಹ. ನಿನಗೆ ಮೊದಲೇ ಹೇಳಬೇಕಿತ್ತು, ಮುಚ್ಚಿಟ್ಟೆ, ತಪ್ಪು ನನ್ನದು.

ಯಾರಿಂದಲೂ ಅಡಗಿಸಿಕೊಂಡು ಕೂರಬೇಡ. ಏಮೊಸನಿಗೆ ಹೇಳಿ ಹೊನೊಲುಲುವಿಗೆ ಹೋಗಿ ಡಾಕ್ಟರಿಗೆ ತೋರಿಸು. ಶುರುವಿನಲ್ಲೇ ಹೋದರೆ ಮುಂದಕ್ಕೆ ಬೆಳೆಯದ ಹಾಗೆ ನಿಲ್ಲಿಸಿಬಿಡುತ್ತಾರೆ. ನಾನು ಹಟ ಮಾಡಿ ತಡ ಮಾಡಿದೆ, ಅನುಭವಿಸುತ್ತಿದ್ದೇನೆ. ಹೋದದ್ದು ಮತ್ತೆ ಬರುವುದಿಲ್ಲ. ಇನ್ನೂ ಚಿಕ್ಕ ವಯಸ್ಸು ನಿನ್ನದು. ದಯವಿಟ್ಟು ನಿಲ್ಲಿಸಿಕೋ.

ತರಗತಿ ಹೋದರೆ ಹೋಗಲಿ. ಮಿಲೆಕಾಳ ಸೊಸೆ ಕಲಿಸಿಕೊಳ್ಳಲಿ. ಅವಳ ಕೈಯಲ್ಲಿ ತೆಂಗಿನ ಗರಿಯ ಮೀನು ಕಪ್ಪೆಯಾಗುತ್ತದೆ, ಅದು ಬೇರೆ ಮಾತು.

ಅಮ್ಮ

*

ಕಲಮಾಉಲ
9 ಮಾರ್ಚ್ 1985

ಅಮ್ಮಾ,

ಯಾರು ಹೇಳಿದರೋ ನನಗೆ ಗೊತ್ತಿಲ್ಲ. ವಿಲ್ಫ್ರೆಡನಿಗೆ ಏಮೊಸ್ ಫೋನು ಮಾಡಿರಬೇಕು. ಅವನು ಇಲ್ಲ ಎಂದು ಆಣೆ ಹಾಕುತ್ತಾನೆ, ನಾನು ನಂಬಲಿಲ್ಲ.

ಇದನ್ನು ನೀನು ಕೆಟ್ಟದ್ದು ಎಂದು ಕರೆದೆ. ನಿಲ್ಲಿಸಿಕೋ ಎಂದು ಬರೆದೆ. ಇದು ನನ್ನದು. ಕೊನೆಯವರೆಗೂ ಬರುತ್ತದೋ ಇಲ್ಲವೋ, ಇರುವಷ್ಟು ದಿನ ನನ್ನದು. ನಿಲ್ಲಿಸುವ ಮಾತನ್ನು ಇನ್ನೊಮ್ಮೆ ಬರೆಯಬೇಡ.

ಹಣೆಬರಹ ಎಂದೂ ಬರೆದಿದ್ದೀಯ. ಮೂರು ವರ್ಷದ ಹಿಂದೆ ಅದು ನನ್ನ ಕೈಗಳ ತಪ್ಪಾಗಿತ್ತು.

ಮಕ್ಕಳ ಕೆಲಸದ ಬಗ್ಗೆ ಇನ್ನು ನಿನ್ನನ್ನು ಕೇಳುವುದಿಲ್ಲ.

ನೊಹೆಯಾ

*

ಲಾಸ್ ವೇಗಸ್
20 ಮಾರ್ಚ್ 1985

ನೊಹೆಯಾ,

ನಾನು ಏನು ಬರೆದೆ ಎಂದು ನನಗೇ ತಿಳಿಯದಾಗಿದೆ. ನೀನು ಬರೆದದ್ದೂ ತಿಳಿಯಲಿಲ್ಲ. ಇಂಥ ಕಾಯಿಲೆಯನ್ನು "ಇದು ನನ್ನದು" ಎಂದು ಎದೆಗೆ ಅವಚಿಕೊಳ್ಳುವವರನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ಅದೇನು ಚಿನ್ನವೇ, ಸಾಕಿದ ಕೋಳಿಯೇ? ಬೆಳೆಯಲಿ ಎಂದು ಬಯಸುವುದಕ್ಕೆ?

ನಿನ್ನ ಅಕ್ಷರ ಸಣ್ಣದು, ಕೆಲವು ಸಾಲು ನಾನು ಊಹಿಸಿಕೊಂಡು ಓದಿದ್ದೇನೆ. ಎಲ್ಲೋ ತಪ್ಪು ಓದಿರಬೇಕು. ದೊಡ್ಡದಾಗಿ ಬರೆ. ಬೈಯುವುದಾದರೂ ದೊಡ್ಡದಾಗಿ ಬೈ.

ಮೂರು ವರ್ಷದ ಹಿಂದಿನದನ್ನು ಎತ್ತಿದ್ದೀಯ. ಅದಕ್ಕೆ ಈ ದಪ್ಪ ಪೆನ್ನಿನಲ್ಲಿ ಉತ್ತರ ಬರೆಯಲು ಆಗುವುದಿಲ್ಲ.

ನಾಲ್ಕನೆಯ ಕೆಲಸ ನೆನಪಾಯಿತು. ಕಪ್ಪು ಕಲ್ಲು, ಬಿಳಿ ಹವಳದ ಚೂರು ಆರಿಸಿ, ಹಲಗೆಯ ಮೇಲೆ ಗುಳಿ ಮಾಡಿ ಆಡುವ ಆಟದ ಮಣೆ. ಕಲ್ಲು ಆರಿಸಲು ಮಕ್ಕಳನ್ನು ದಡಕ್ಕೆ ಕಳಿಸು. ನೀನು ಹೋಗಬೇಡ, ಕಣ್ಣು ಕತ್ತಲಿಟ್ಟರೆ ಬೀಳುತ್ತೀಯ.

ಅಮ್ಮ

*

ಲಾಸ್ ವೇಗಸ್
14 ಏಪ್ರಿಲ್ 1985

ಅಕ್ಕಾ, ಈ ಪತ್ರ ಬರೆಯುತ್ತಿರುವುದು ನಾನು, ವಿಲ್ಫ್ರೆಡ್. ಅಮ್ಮ ಹೇಳುತ್ತಾಳೆ, ನಾನು ಬರೆಯುತ್ತೇನೆ. ಒಂದು ಮಾತೂ ತಿದ್ದಬಾರದು ಎಂದು ತಾಕೀತು ಮಾಡಿದ್ದಾಳೆ.

ಮಗಳೇ ನೊಹೆಯಾ,

ಇಪ್ಪತ್ತೈದು ದಿನ ಕಾದೆ. ಈಸ್ಟರಿಗಾದರೂ ಎರಡು ಸಾಲು ಬರುತ್ತದೆ ಎಂದುಕೊಂಡೆ, ಬರಲಿಲ್ಲ. ಆಮೇಲೆ ಮಾನ ಬಿಟ್ಟು ನಿನ್ನ ತಮ್ಮನನ್ನು ಕೂರಿಸಿಕೊಂಡು, "ಅಕ್ಕನ ಕಾಗದ ಎಲ್ಲಾ ಓದು, ಮೊದಲಿಂದ" ಎಂದೆ. ಅವನು, "ನಿಂಗೆ ಕಣ್ಣು ಕಾಣಲ್ಲ ಅಂತ ಒಪ್ಕೊಂಡಂಗಾಯ್ತು" ಎಂದ. ಒಪ್ಪಿಕೊಂಡೆ. ಕಣ್ಣಿನೊಳಗೆ ನೀರಿನ ಒತ್ತಡವಂತೆ. ಬದಿಯದ್ದೆಲ್ಲ ಹೋಗಿದೆ, ನಡುವೆ ಒಂದು ಕಿಂಡಿಯಷ್ಟು ಉಳಿದಿದೆ. ನನ್ನ ಅಮ್ಮನಿಗೂ ಇದೇ ಇತ್ತು. ನಿನಗೂ ಬಂದಿದೆ ಎಂದುಕೊಂಡು ಫೆಬ್ರವರಿಯಲ್ಲಿ ಆ ಪತ್ರ ಬರೆದೆ. ನಿಲ್ಲಿಸು ಎಂದದ್ದು ಕಣ್ಣಿನ ಕಾಯಿಲೆಯನ್ನು. ಬೇರೆ ಏನನ್ನೂ ಅಲ್ಲ. ಬೇರೆ ಏನನ್ನೂ ಅಲ್ಲ ಮಗಳೇ. ವಿಲ್ಫ್ರೆಡ್, ಇದನ್ನು ಎರಡು ಸಲ ಬರೆ.

ಅವನು ಓದುತ್ತಾ ಹೋದ. ನಾನು ಕಣ್ಣು ಮುಚ್ಚಿಕೊಂಡು ಕೇಳಿದೆ. ದಾರ ಬೇಡ. ಗಂಟು ಬೇಡ. ಕೊರಳಿಗೆ ಹಾಕುವುದು ಬೇಡ. ಕಣ್ಣಿನಲ್ಲಿ ಓದುವಾಗ ಅಕ್ಷರ ಹುಡುಕುವುದರಲ್ಲೇ ನನ್ನ ಬುದ್ಧಿಯೆಲ್ಲ ಖರ್ಚಾಗಿತ್ತು. ಕಿವಿಗೆ ಬಿದ್ದ ಕೂಡಲೇ ತಿಳಿಯಿತು. ಸುತ್ತಮುತ್ತ ಹತ್ತು ಊರಿನ ಹೆಂಗಸರಿಗೆ ಈ ಮಾತನ್ನು ಹೇಳಿಕೊಟ್ಟವಳು ನಾನು. ನನ್ನ ಮಗಳು ಅದನ್ನೇ ಬರೆದಾಗ ಪಾದ್ರಿಗಳ ಸೀನಿನ ಬಗ್ಗೆ ಬರೆದೆ.

(ಅಕ್ಕಾ, ಇಲ್ಲಿ ಅಮ್ಮ ನಿನ್ನ ಕಾಗದಗಳನ್ನೆಲ್ಲ ಮಡಿಸಿ ಮತ್ತೆ ಲಕೋಟೆಗೆ ಹಾಕಿದಳು. ನಾನು ಕಾಫಿ ಮಾಡಿಕೊಂಡು ಬಂದೆ.)

ಈಗ ಒಂದು ವಿಷಯ ಹೇಳುತ್ತೇನೆ. ನಿನ್ನ ತಮ್ಮನೂ ಕೇಳಿಸಿಕೊಳ್ಳಲಿ. ಇದನ್ನು ಯಾರಿಗೂ ಹೇಳಿಲ್ಲ. ನಿಮ್ಮ ಅಪ್ಪನಿಗೆ ಗೊತ್ತಿತ್ತು, ಅವನು ತನ್ನ ಜೊತೆ ಕೊಂಡೊಯ್ದ.

ನೀನು ನನ್ನ ಹೊಟ್ಟೆಯಲ್ಲಿದ್ದಾಗ ನಾವು ಹೊನೊಲುಲುವಿನಲ್ಲಿದ್ದೆವು. ನಿಮ್ಮಪ್ಪನ ಕಾಲು ಹಡಗುಕಟ್ಟೆಯಲ್ಲಿ ಮುರಿದಿತ್ತು. ಪಾತ್ರೆ ತೊಳೆಯುವ ಕೆಲಸದಲ್ಲಿದ್ದೇನೆ ಎಂದು ನನ್ನ ಅಮ್ಮನಿಗೆ ಬರೆಯುತ್ತಿದ್ದೆ. ಸುಳ್ಳು. ಹಡಗು ಬರುವ ದಿನ ಕಟ್ಟೆಯ ಮೇಲೆ ಹಾರ ಮಾರುತ್ತಿದ್ದೆ. ಬೆಳಿಗ್ಗೆಯಿಂದ ಪೋಣಿಸುವುದು, ಗಂಟು ಹಾಕುವುದು, ತೋಳಿನ ತುಂಬ ನೇತುಹಾಕಿಕೊಂಡು ನಿಲ್ಲುವುದು. ತೋಳು ಸಾಲದಾದಾಗ ನನ್ನ ಕೊರಳಿಗೇ ಹಾಕಿಕೊಳ್ಳುತ್ತಿದ್ದೆ, ಹತ್ತು, ಹನ್ನೆರಡು. ಪಕ್ಕದಲ್ಲಿ ಕೂರುತ್ತಿದ್ದ ಹೆಂಗಸು, "ಹೊಟ್ಟೇಲಿ ಇಟ್ಕೊಂಡು ಇದೇನೇ ಕೆಲ್ಸ ನಿಂದು" ಎಂದು ಕೇಳಿದಾಗ, "ಹೊಟ್ಟೇಲಿ ಇರೋದಕ್ಕೇ ಈ ಕೆಲ್ಸ" ಎಂದಿದ್ದೆ. ಒಂಬತ್ತು ತಿಂಗಳು ಪೋಣಿಸಿದ್ದೇನೆ. ನೀನು ಹುಟ್ಟಿದ ಹಿಂದಿನ ದಿನವೂ ಪೋಣಿಸಿದ್ದೆ. ನೀನು ಬಂದೆ, ಕೊರಳಲ್ಲಿ ಏನೂ ಇರಲಿಲ್ಲ, ಊರು ಎದ್ದು ಕೂರುವ ಹಾಗೆ ಕಿರುಚಿದೆ. ವಿಲ್ಫ್ರೆಡನಿಗೂ ಹಾಗೇ ಆಯಿತು.

ಊರಿಗೆ ಬಂದ ಮೇಲೆ ಎಲ್ಲರ ಹಾಗೆ ನಾನೂ, ಬಸುರಿ ಹಾರ ಪೋಣಿಸಬಾರದು ಎಂದು ಹೇಳುತ್ತಾ ಹೋದೆ. ಹೇಳಿ ಹೇಳಿ ನಾನೂ ಪೋಣಿಸಿರಲಿಲ್ಲ ಎಂದೇ ನನಗೆ ಅನ್ನಿಸತೊಡಗಿತ್ತು. ಆ ದಿನ ಆಸ್ಪತ್ರೆಯಲ್ಲಿ ಮಗುವಿನ ಮುಖ ನೋಡಿ ಬಂದೆ. ಯಾರ ಮೇಲಾದರೂ ತಪ್ಪು ಹಾಕದಿದ್ದರೆ ನನಗೆ ನಿಲ್ಲಲು ಆಗುತ್ತಿರಲಿಲ್ಲ. ಎದುರಿಗೆ ನೀನಿದ್ದೆ. ನಿನ್ನ ಕೈಗಳ ಮೇಲೆ ಹಾಕಿದೆ. ಹಾಕುವಾಗಲೇ ಕಟ್ಟೆಯ ನೆನಪು ಬಂದಿತ್ತು. ಆದರೂ ಹಾಕಿದೆ. ಅದಕ್ಕೇ ಆರು ವಾರದಲ್ಲಿ ಓಡಿಬಂದೆ. ಸೊಸೆಗೆ ಹುಷಾರಿಲ್ಲ ಎಂದದ್ದು ನೆಪ. ಅವಳು ಗುಂಡುಕಲ್ಲಿನ ಹಾಗಿದ್ದಾಳೆ.

ನಿನ್ನ ಕೈಗಳದ್ದು ಏನೂ ತಪ್ಪಿರಲಿಲ್ಲ.

ಇಷ್ಟೆಲ್ಲ ಹೇಳಿಯೂ ಹೇಳುತ್ತೇನೆ, ಈಗ ನೀನು ಪೋಣಿಸಬೇಡ. ನನಗೆ ನಂಬಿಕೆ ಇದೆಯೋ ಇಲ್ಲವೋ ಎಂದು ಕೇಳಬೇಡ, ಗೊತ್ತಿಲ್ಲ. ಪೋಣಿಸಬೇಡ, ಅಷ್ಟೇ.

ಮೇ ಹಬ್ಬಕ್ಕೆ ಏನು ಮಾಡುತ್ತೀಯ? ತರಗತಿ ಕಿತ್ತುಕೊಂಡರೆ ಬಿಟ್ಟುಬಿಡು. ಎಷ್ಟನೇ ತಿಂಗಳು ಎಂದು ಬರೆ. ಬರೆಯಲು ಮನಸ್ಸಿಲ್ಲದಿದ್ದರೆ ಬರಿ ಅಂಕಿ ಬರೆದು ಕಳಿಸು.

ಕಪೆಕಾ

(ಅಕ್ಕಾ, ಹಾರದ ವಿಷಯ ನನಗೂ ಇವತ್ತೇ ಗೊತ್ತಾದದ್ದು. ಅಕ್ಷರ ಕೆಟ್ಟಿದ್ದರೆ ಕ್ಷಮಿಸು. ವಿ.)

*

ಕಲಮಾಉಲ
2 ಮೇ 1985

ಅಮ್ಮಾ,

ಆರು. ಈ ತಿಂಗಳ ಮಧ್ಯಕ್ಕೆ ಆರು ತುಂಬುತ್ತದೆ.

ದೊಡ್ಡದಾಗಿ ಬರೆಯುತ್ತಿದ್ದೇನೆ, ಓದಲು ಆಗದಿದ್ದರೆ ವಿಲ್ಫ್ರೆಡನ ಕೈಗೆ ಕೊಡು. ಮಾರ್ಚಿನ ನಿನ್ನ ಪತ್ರವನ್ನು ನಾನು ಒಡೆದೇ ಇರಲಿಲ್ಲ. ಇದನ್ನೂ ಒಡೆಯುತ್ತಿರಲಿಲ್ಲ. ಲಕೋಟೆಯ ಮೇಲೆ ವಿಲ್ಫ್ರೆಡನ ಅಕ್ಷರ ನೋಡಿ ನಿನಗೇ ಏನೋ ಆಗಿಹೋಯಿತು ಎಂದು ಒಡೆದೆ. ಅಡುಗೆಮನೆಯಲ್ಲಿ ನಿಂತುಕೊಂಡೇ ಮೂರು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಮೂರು ವರ್ಷ ಅಮ್ಮಾ. ಎರಡನೇ ಸಲ ಕೊರಳಿಗೆ ಹನ್ನೆರಡು ಹಾರ ಹಾಕಿಕೊಂಡು ನಿಂತ ನೀನು ಕಣ್ಣ ಮುಂದೆ ಬಂದು ನಗು ಬಂತು. ಮೂರನೇ ಸಲ ಮತ್ತೆ ಸಿಟ್ಟು. ಏಮೊಸ್, "ಯಾವ್ದಾದ್ರೂ ಒಂದು ಇಟ್ಕೊ, ಮಾರಾಯ್ತಿ, ಅನ್ನ ಸೀಯ್ತಿದೆ" ಎಂದ. ಇನ್ನೂ ಒಂದನ್ನು ಆರಿಸಿಕೊಳ್ಳಲು ಆಗಿಲ್ಲ. ಅವನು ಫೋನು ಮಾಡಿರಲಿಲ್ಲ ಎಂದು ತಿಳಿದು ಕ್ಷಮೆ ಕೇಳಿದ್ದೇನೆ, ಅದೊಂದು ಆಗಿದೆ.

ಈಗ ಇಲ್ಲಿಯದ್ದನ್ನು ಕೇಳು. ಹೋದ ಶನಿವಾರ, ಹಬ್ಬಕ್ಕೆ ನಾಲ್ಕು ದಿನ ಇರುವಾಗ, ಪಾದ್ರಿಗಳಿಗೆ ಎಲ್ಲ ಹೇಳಿ ನಾನೇ ತರಗತಿ ಬಿಟ್ಟುಕೊಡೋಣ ಎಂದು ಹೊರಟೆ. ಈ ಸಡಿಲ ಗೌನಿನೊಳಗೆ ಹಂದಿಮರಿ ಬಚ್ಚಿಟ್ಟರೂ ಯಾರಿಗೂ ತಿಳಿಯುವುದಿಲ್ಲ ಎಂದು ಅದುವರೆಗೆ ಧೈರ್ಯದಿಂದಿದ್ದೆ. ಹೋಗಿ ನೋಡಿದರೆ ಜಗಲಿಯ ತುಂಬ ಮಕ್ಕಳು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಡಬ್ಬ. ಒಳಗೆ ಒದ್ದೆ ಕಾಗದದಲ್ಲಿ ಸುತ್ತಿದ ಹಾರದ ಮಾದರಿಗಳು, ಮನೆಯಲ್ಲಿ ಅಜ್ಜಿ, ಚಿಕ್ಕಪ್ಪ, ಅತ್ತೆ, ಯಾರು ಯಾರೋ ಕೂರಿಸಿಕೊಂಡು ಕಲಿಸಿದ್ದು. ಕೆಲವು ಹಾರ ಎಂಥ ಕುರೂಪ ಎಂದರೆ ಹೂಗಳೇ ನಾಚಿಕೊಂಡಿದ್ದವು.

"ಇದೆಲ್ಲ ಯಾರು ಹೇಳಿದ್ದು?" ಎಂದು ಕೇಳಿದೆ. ಪಿಲಿ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡು ಅಜ್ಜಿಯ ಕಡೆ ನೋಡಿದಳು. ಮಿಲೆಕಾ ಅಜ್ಜಿ, "ಸರಿ ಬಿಡೇ. ಸಾಕು. ಉಸಿರು ಕಟ್ಟಿ ಸತ್ತೀಯ" ಎಂದರು.

ಪಿಲಿ ಕೈ ತೆಗೆದು ಒಂದೇ ಉಸಿರಿಗೆ ಹೇಳಿದಳು: "ಆಂಟಿ, ನೀವು ಸೂಜಿ ಎತ್ತಿಟ್ರಲ್ಲ, ಅವತ್ತು ನಾನು ಮನೇಗ್ ಹೋಗಿ ಹೇಳ್ದೆ. ಅಜ್ಜಿ ಅಂದ್ರು, ಹಂಗಾದ್ರೆ ಆಂಟಿ ಹೊಟ್ಟೇಲಿ ಪಾಪು ಇದೆ, ಯಾರಾದ್ರೂ ಬಾಯಿ ಬಿಟ್ರೆ ಪೋಯಿಗೆ ಕೆಸುವಿನ ಗೆಡ್ಡೆ ಕುಟ್ಟೋ ಕಲ್ಲಲ್ಲಿ ಕುಟ್ತೀನಿ ಅಂತ. ನಾನು ಜನವರಿಯಿಂದ ಬಾಯಿ ಮುಚ್ಕೊಂಡಿದೀನಿ. ಇವ್ರೆಲ್ಲರೂ ಮುಚ್ಕೊಂಡವ್ರೆ. ಇವನು ಮಾತ್ರ ತನ್ನ ನಾಯಿಗೆ ಹೇಳ್ದ."

ಅಮ್ಮಾ, ಇಡೀ ಊರಿಗೆ ಗೊತ್ತಿತ್ತು. ನಾನು ಸೂಜಿ ಕೆಳಗಿಟ್ಟ ಶನಿವಾರ ಸಂಜೆಯೊಳಗೆ ಗೊತ್ತಾಗಿತ್ತು. ಮೆಟ್ಟಿಲು ಹಳೆಯದಾದದ್ದು, ಪೆಟ್ಟಿಗೆ ಕಿತ್ತುಕೊಂಡದ್ದು, ಬಾಗಿಲ ಮುಂದೆ ಯಾರೋ ತೊಳೆದಿಟ್ಟು ಹೋಗುತ್ತಿದ್ದ ಮೀನು, ಎಲ್ಲ ಅದಕ್ಕೇ. ಹೋದ ಸಲ ಬಟ್ಟೆಗಳನ್ನು ಹೊತ್ತುಕೊಂಡು ಮನೆ ಮನೆಗೆ ಬಂದ ನನ್ನನ್ನು ಅವರೆಲ್ಲ ಬಾಗಿಲಲ್ಲಿ ನಿಂತು ನೋಡಿದವರು. ಈ ಸಲ ಯಾರೂ ಒಂದು ಹೊಲಿಗೆಯನ್ನೂ ಹಾಕಿಲ್ಲ, ಒಂದು ಮಾತನ್ನೂ ಆಡಿಲ್ಲ. ಮಿಲೆಕಾ ಅಜ್ಜಿಯ ಸೊಸೆಯನ್ನು ಸುಮ್ಮನೆ ಅನುಮಾನಿಸಿದೆ. ಅವಳ ಗರಿಯ ಮೀನು ಕಪ್ಪೆಯಂತಿರುವುದು ಮಾತ್ರ ನಿಜ.

ಅಂದರೆ ಜಗತ್ತಿನಲ್ಲಿ ಗೊತ್ತಿಲ್ಲದೆ ಉಳಿದವಳು ನೀನೊಬ್ಬಳೇ. ನಾಯಿಗೂ ಗೊತ್ತಿತ್ತು.

ನಿನ್ನೆ ಹಬ್ಬ ಆಯಿತು. ಮಕ್ಕಳು ತಾವು ಅಚ್ಚೊತ್ತಿದ ಕಂದು ಕಾಗದದ ಬಟ್ಟೆ ಹೆಗಲ ಮೇಲೆ ಹೊದ್ದು ಬಂದರು. ನೂರ ಮೂವತ್ತು ಹಾರ, ನಾನು ಒಂದನ್ನೂ ಮುಟ್ಟಿರಲಿಲ್ಲ. ನನಗೆ ಒಂದು ಕೊಟ್ಟರು, ಗಂಟು ಹಾಕದೆ ಎರಡೂ ತುದಿ ಬಿಟ್ಟಿದ್ದದ್ದು. ಹೆಗಲಿನ ಮೇಲೆ ಇಳಿಬಿಟ್ಟುಕೊಂಡೆ. ನೀನು ಹೇಳಿದರೂ ಹೇಳದಿದ್ದರೂ ನಾನು ಪೋಣಿಸುವುದಿಲ್ಲ. ಯಾಕೆ ಎಂದು ನನ್ನನ್ನೂ ಕೇಳಬೇಡ.

ಡಾಕ್ಟರು ಎಲ್ಲ ಸರಿಯಿದೆ ಎನ್ನುತ್ತಾರೆ. ಹೋದ ಸಲವೂ ಎಂದಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಅದು ಒದೆಯುವವರೆಗೆ ಕದಲದೆ ಮಲಗಿರುತ್ತೇನೆ. ಒದ್ದ ಮೇಲೆ ಏಳುತ್ತೇನೆ.

ಆಗಸ್ಟ್ ಮಧ್ಯಕ್ಕೆ ದಿನ ತುಂಬುತ್ತದೆ. ಬಾ. ಕಣ್ಣು ಎಷ್ಟು ಉಳಿದಿದೆಯೋ ಅಷ್ಟನ್ನು ತೆಗೆದುಕೊಂಡು ಬಾ. ಒಂದೇ ಮಾತು. ಒಳ್ಳೆಯದಾದರೂ ಸರಿ, ಕೆಟ್ಟದ್ದಾದರೂ ಸರಿ, ಆಸ್ಪತ್ರೆಯಲ್ಲಿ ನೀನು ಬಾಯಿ ತೆರೆಯಬಾರದು. ನನ್ನ ಪಕ್ಕ ಕೂತಿರಬೇಕು, ಅಷ್ಟೇ.

ನೊಹೆಯಾ

*

ಲಾಸ್ ವೇಗಸ್
11 ಮೇ 1985

ಮಗಳೇ,

ಈ ಪತ್ರ ನನ್ನ ಕೈಯದ್ದೇ. ಸಾಲು ಏರುಪೇರಾಗಿದ್ದರೆ ತಲೆ ಓರೆ ಮಾಡಿ ಓದು.

ಆಗಸ್ಟ್‌ಗೆ ಬರುವುದಿಲ್ಲ. ಜೂನ್ ಎಂಟಕ್ಕೇ ಬರುತ್ತೇನೆ, ವಿಲ್ಫ್ರೆಡ್ ಕರೆತಂದು ಬಿಡುತ್ತಾನೆ. ಮಾತಾಡದೆ ಪಕ್ಕದಲ್ಲಿ ಕೂರು ಎಂದಿದ್ದೀಯ. ಅರವತ್ತಾರು ವರ್ಷದಲ್ಲಿ ನಾನು ಒಂದು ದಿನವೂ ಹಾಗೆ ಕೂತವಳಲ್ಲ. ಕಲಿಯಲು ಎರಡು ತಿಂಗಳಾದರೂ ಬೇಕು.

ಅಮ್ಮ